ಯಮುನಕ್ಕನ ಜಪಾನ್ ಪೆಟ್ಟಿಗೆ

“ಗುಲಾಬಿ ಹೂ ಇರೋ ಡಿಸೈನಾ, ದೀಪ ಇರೋದಾ?” ಎಂದು ಗೋಣಿಕೊಪ್ಪಲಿನ ಪ್ರೆಸ್ಸಿನವನು ಎರಡನೇ ಸಲ ಕೇಳುತ್ತಿದ್ದ ಹಾಗೆಯೇ ದೇರಪ್ಪ ಮಗನ ಕೈಯಿಂದ ಫೋನು ಕಿತ್ತುಕೊಂಡು ಕಟ್ ಮಾಡಿಬಿಟ್ಟ.

“ಎಂತಪ್ಪ ಇದು?” ಉದಯ ದಂಗಾದ. “ಹನ್ನೊಂದನೇ ದಿನಕ್ಕೆ ಕಾರ್ಡ್ ಬೇಡ್ವಾ? ಭಾಗಮಂಡಲದವ್ರು, ಶ್ರೀಮಂಗಲದವ್ರು ಎಲ್ಲ ನಾಲ್ಕೂವರೆ ಬಸ್ಸಿಗೆ ಹೊರಡ್ತಾರೆ. ಅಷ್ಟರೊಳಗೆ ಕೈಗೆ ಕೊಟ್ರೆ ಮತ್ತೆ ಮನೆಮನೆ ತಿರುಗೋದು ತಪ್ತದೆ.”

“ಕಾರ್ಡ್ ಬೇಕು. ಪ್ರೆಸ್ಸಿಂದು ಬೇಡ.”

“ಮತ್ತೆ ಎಲ್ಲಿಂದು?”

ದೇರಪ್ಪ ಒಳಕೋಣೆಯ ಬೀರುವಿನ ಕಡೆ ಕೈ ತೋರಿಸಿದ. ಬೀರುವಿನ ಮೇಲೆ, ಹಳೇ ಸೀರೆಯ ತುಂಡು ಹೊದ್ದುಕೊಂಡು, ಜಪಾನ್ ಪೆಟ್ಟಿಗೆ ಕೂತಿತ್ತು.

“ಊರಿಗೆಲ್ಲ ಮಾಡಿ ಕೊಟ್ಟಳು ನಿಮ್ಮಮ್ಮ. ಅವಳಿಗೆ ಮಾತ್ರ ಅಂಗಡಿದಾ? ನಾನು ಇರುವಾಗ ಅದು ಆಗೋದಿಲ್ಲೆ.”

ಯಮುನಕ್ಕನನ್ನು ಹಜಾರದಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಬೆಳಗಿನ ಜಾವ ಎದೆ ಹಿಡಿದ ಹಾಗಾಗುತ್ತದೆ ಎಂದಳು. ಉದಯ ಜೀಪು ಸ್ಟಾರ್ಟ್ ಮಾಡುವುದರೊಳಗೆ ಮುಗಿದೇ ಹೋಯಿತು. ಅಂಗಳದಲ್ಲಿ ಒಣಗಲು ಹಾಕಿದ್ದ ಕಾಫಿಯನ್ನು ಒಂದು ಮೂಲೆಗೆ ಗುಡ್ಡೆ ಮಾಡಿ, ಬಂದವರಿಗೆ ಕುರ್ಚಿ ಹಾಕಿದ್ದರು. ಅರವತ್ತೆರಡು ವರ್ಷದ ಆ ಬಾಳಿನಲ್ಲಿ ಪೇಪರಿನವರು ಬರೆಯುವಂಥದ್ದು ಏನಿತ್ತು ಹೇಳಿ! ಪಾಲಿಬೆಟ್ಟದ ಎಸ್ಟೇಟೊಂದರಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದ ದೇರಪ್ಪನ ಹೆಂಡತಿ. ಗೋಣಿಕೊಪ್ಪಲಿನಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿರುವ ಉದಯನ ತಾಯಿ. ಮೋನಿಷಾಳ ಅತ್ತೆ. ಅದು ಬಿಟ್ಟರೆ ಆ ಪೆಟ್ಟಿಗೆ, ಅಷ್ಟೇ.

ಪೆಟ್ಟಿಗೆ ಎಂದರೆ ಭಾರೀ ಯಂತ್ರವೇನಲ್ಲ. ಮನೆಯಲ್ಲೇ ಕೂತು ಸ್ಕ್ರೀನ್ ಪ್ರಿಂಟಿಂಗ್ ಮಾಡಿಕೊಳ್ಳಲು ಜಪಾನಿನವರು ಮಾಡಿದ ನೀಲಿ ಪ್ಲಾಸ್ಟಿಕ್ಕಿನ ಡಬ್ಬ. ಬೇಕಾದ ಅಕ್ಷರವನ್ನೋ ಚಿತ್ರವನ್ನೋ ಕಪ್ಪು ಮಸಿಯಲ್ಲಿ ಬರೆದು ಒಳಗಿಡಬೇಕು. ಅದರ ಮೇಲೆ ರಟ್ಟಿನ ಚೌಕಟ್ಟಿನ ತೆಳ್ಳನೆಯ ಪರದೆ, ಪರದೆಯ ಮೇಲೆ ಒಂದು ಜೋಡಿ ಬಲ್ಬು. ಮುಚ್ಚಳ ಅದುಮಿದರೆ ಫಳ್ಳನೆ ಬೆಳಕು ಹೊಡೆದು, ಕಪ್ಪು ಇದ್ದ ಕಡೆಯೆಲ್ಲ ಪರದೆ ಸುಟ್ಟು ಸಣ್ಣ ಸಣ್ಣ ತೂತಾಗುತ್ತದೆ. ಆಮೇಲೆ ಪರದೆಗೆ ಬಣ್ಣ ಹಾಕಿ ಒಂದೊಂದೇ ಕಾರ್ಡಿನ ಮೇಲೆ ಅದುಮುತ್ತಾ ಹೋಗುವುದು. ಒಮ್ಮೆ ಹೊತ್ತಿದ ಬಲ್ಬು ಮತ್ತೆ ಹೊತ್ತುವುದಿಲ್ಲ. ಹೊಸ ಪರದೆಗೆ ಹೊಸ ಜೋಡಿಯೇ ಬೇಕು. ಆ ಬಲ್ಬು ಮಾಡುವುದನ್ನು ಕಂಪನಿ ನಿಲ್ಲಿಸಿ ವರ್ಷಗಳೇ ಆಗಿದ್ದವು. ಮನೆಯಲ್ಲಿ ಈಗ ಉಳಿದದ್ದು ಒಂದೇ ಜೋಡಿ.

ದೇರಪ್ಪ ಬಿಸ್ಕತ್ತಿನ ಡಬ್ಬದಿಂದ ಹತ್ತಿಯಲ್ಲಿ ಸುತ್ತಿದ್ದ ಆ ಎರಡು ಬಲ್ಬುಗಳನ್ನು ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ.

“ಮಾವ,” ಎಂದಳು ಬಾಗಿಲಲ್ಲಿ ನಿಂತಿದ್ದ ಸೊಸೆ ಮೋನಿಷಾ. “ಆ ಬಲ್ಬು ಪೆಟ್ಟಿಗೆ ಬಳಗದವ್ರಿಗೆ ಕೊಡ್ತೀನಿ ಅಂತ ಅತ್ತೆ ಮಾತು ಕೊಟ್ಟಿದ್ರು. ಮೈಸೂರಿನ ಚೇತನ್‌ಕುಮಾರ್ ನಾಳೆ ಬಂದು ತಗೊಂಡೋಗೋದು ಅಂತ ಇತ್ತು.”

“ಕೊಟ್ಟಿದ್ದಳು. ಈಗ ಕೊಡೋಕೆ ಅವಳಿಲ್ಲೆ.”

ಅಷ್ಟು ಹೇಳಿ ದೇರಪ್ಪ ಅಂಗಳಕ್ಕೆ ಹೋದ. ಭಾಗಮಂಡಲದ ಭಾವ ತಬ್ಬಿಕೊಳ್ಳಲು ಬಂದಾಗ ಜೇಬಿನ ಬಲ್ಬು ಒಡೆದೀತೆಂದು ಓರೆಯಾಗಿ ನಿಂತುಕೊಂಡ. ಭಾವನಿಗೆ ಇದು ಸರಿಕಾಣಲಿಲ್ಲ.

*

ಪೆಟ್ಟಿಗೆ ಮನೆಗೆ ಬಂದದ್ದು ಉದಯ ಆರನೇ ಕ್ಲಾಸಿನಲ್ಲಿದ್ದಾಗ. ಎಸ್ಟೇಟಿನ ಮ್ಯಾನೇಜರಿಗೆ ವರ್ಗವಾಗಿ ಬಂಗಲೆ ಖಾಲಿ ಮಾಡುವಾಗ ಅವರ ಹೆಂಡತಿ, “ಯಮುನ, ನೀನು ರಂಗೋಲಿ ಚೆನ್ನಾಗಿ ಹಾಕ್ತೀಯ, ಇದು ನಿನಗೇ ಇರಲಿ” ಎಂದು ಕೊಟ್ಟರು. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆಯ ತುಂಬ ಬಲ್ಬು, ಪರದೆ, ಬಣ್ಣದ ಟ್ಯೂಬು.

“ಬಂಗಲೆಯವರು ಬಿಸಾಕಿದ್ದನ್ನೆಲ್ಲ ಹೊತ್ತು ತಾ,” ಎಂದಿದ್ದ ದೇರಪ್ಪ. “ನಾಳೆ ಅವರ ಮುದಿ ನಾಯಿನೂ ತಂದು ಕಟ್ಟು.”

ಯಮುನಕ್ಕ ಮೊದಲು ಮಾಡಿದ್ದು ಜೇನು ಬಾಟಲಿಯ ಲೇಬಲ್ಲು. ಆಮೇಲೆ ಮೆಣಸಿನ ಪೊಟ್ಟಣ, ನಾಮಕರಣದ ಕಾರ್ಡು, ಶಾಲೆಯ ವಾರ್ಷಿಕೋತ್ಸವದ ಕರೆಯೋಲೆ. ಅಕ್ಷರವೆಲ್ಲ ಅವಳದೇ ಕೈಬರಹ. ಸ್ವಲ್ಪ ಬಲಕ್ಕೆ ಬಾಗಿದ, ಕೊಂಬು ಉದ್ದ ಎಳೆದ ಅಕ್ಷರ. ಸುತ್ತ ಕಾಫಿ ಹೂವಿನ ಒಂದು ಎಳೆ. ಬೆರಳಿಗೆ ಮೆತ್ತಿದ ಬಣ್ಣ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. “ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಇವಳಿಗೆ ಕೆಸರು ಬಂತು, ಮೊಸರು ಬರ್ಲಿಲ್ಲ,” ಎಂದು ದೇರಪ್ಪ ನೆಂಟರ ಮುಂದೆ ನಗಾಡುತ್ತಿದ್ದ. ಅವಳೂ ನಗುತ್ತಿದ್ದಳು. ಒಳಗೆ ನೋಯುತ್ತಿತ್ತೋ ಏನೋ, ಆತ ಯಾವತ್ತೂ ಕೇಳಿದವನಲ್ಲ.

ಸಾವಿನ ಕಾರ್ಡಿಗೆ ಮಾತ್ರ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ.

ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದ ಬೀರ ಜ್ವರ ಬಂದು ತೀರಿಕೊಂಡಾಗ ಅವನ ಹೆಂಡತಿ ಕೆಂಚಿ, ಕಾಫಿ ಪಿಕ್ಕಿಂಗಿಗೆ ನಾಲ್ಕು ದಿನ ಬರುವುದಿಲ್ಲ ಎಂದು ರೈಟರಿಗೆ ಹೇಳಲು ಮನೆ ಬಾಗಿಲಿಗೆ ಬಂದಳು. ಯಮುನಕ್ಕ ಅವಳನ್ನು ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟಳು.

“ಹನ್ನೊಂದಕ್ಕೆ ಜನ ಕರೀತೀಯಲ್ಲ ಕೆಂಚಿ, ಕಾರ್ಡ್ ಮಾಡಿಕೊಡ್ಲಾ?”

“ನಮ್ಗೆ ಎಂಥಕ್ಕಮ್ಮ ಕಾರ್ಡು? ಬಾಯಲ್ಲಿ ಹೇಳಿದ್ರೆ ಆಯ್ತು.”

“ಬಾಯಲ್ಲೂ ಹೇಳು. ಕಾರ್ಡೂ ಕೊಡು.”

ಅವತ್ತು ಸಂಜೆ ಕಾರ್ಡು ನೋಡಿದ ದೇರಪ್ಪನಿಗೆ ನಗು ತಡೆಯಲಿಲ್ಲ. “‘ಬೀರ ಅವರು ಕಾಲವಾದರು’ ಅಂತೆ! ಮಸ್ಟರ್ ರೋಲಿನಲ್ಲಿ ಇಪ್ಪತ್ತು ವರ್ಷ ನಾನು ಬರೀ ಬೀರ ಅಂತ ಬರೆದೆ. ಅವನೇನಾದ್ರೂ ಜಗಳಕ್ಕೆ ಬಂದನಾ?”

“ನೀವು ಹಾಜರಿಗೆ ಬರೆದ್ರಿ,” ಎಂದಳು ಯಮುನಕ್ಕ. “ಇದು ಹಾಜರಿ ಅಲ್ಲ.”

ಕೆಲಸವಾದ ಮೇಲೆ ಪರದೆಯನ್ನು ಬಚ್ಚಲ ಒಲೆಗೆ ಹಾಕುವುದು ರೂಢಿ. ಕೆಂಚಿ ಬಿಡಲಿಲ್ಲ. “ಸುಡಬೇಡಿ ಅಮ್ಮ. ಅವರ ಫೋಟೋ ಅಂತ ಒಂದೂ ಇಲ್ಲ ನನ್ನತ್ರ,” ಎಂದಳು. ಯಮುನಕ್ಕ ಪರದೆಯನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಕೊಟ್ಟಳು. ಕೆಂಚಿ ಅದನ್ನು ತನ್ನ ಲೈನ್ ಮನೆಯ ಕಿಟಕಿಗೆ ಮೊಳೆ ಹೊಡೆದು ನೇತುಹಾಕಿದಳು. ಬೆಳಿಗ್ಗೆ ಬಿಸಿಲು ಬಂದಾಗ ಅಕ್ಷರವಿದ್ದ ಕಡೆ ಬೆಳಕು ತೂರುತ್ತಿತ್ತು.

*

ಹತ್ತು ಗಂಟೆಗೆ ಮೈಸೂರಿನ ನಂಬರಿನ ವ್ಯಾನೊಂದು ಬಂದು ನಿಂತಿತು. ಆರು ಜನ ಇಳಿದರು. ಹಲಸಿನ ಮರದ ಕೆಳಗೆ ಕೂತಿದ್ದ ಹೆಂಗಸರೆಲ್ಲ ಕತ್ತು ತಿರುಗಿಸಿದರು.

“ಯಾರ ಕಡೆಯವ್ರು?”

“ನಮ್ಮ ಕಡೆ ಅಲ್ಲ.”

“ಉದಯನ ಮಾವನ ಮನೆಯವ್ರಾ?”

“ಅಲ್ಲ ಮಾರಾಯ್ತಿ, ಅವ್ರನ್ನ ನಾನು ಕಾಣೆನಾ?”

ಆರು ಜನರಲ್ಲಿ ಒಬ್ಬರ ಪರಿಚಯ ಮಾತ್ರ ಕೆಲವರಿಗಿತ್ತು. ಶ್ರೀಮಂಗಲದ ಪೂವಮ್ಮ, ರಿಟೈರಾದ ಡ್ರಾಯಿಂಗ್ ಟೀಚರ್; ದಾರಿಯಲ್ಲಿ ಗೋಣಿಕೊಪ್ಪಲಿನಲ್ಲಿ ವ್ಯಾನು ಹತ್ತಿದ್ದರು. ಒಬ್ಬಾಕೆ ಎದ್ದು ಹೋಗಿ ಅವರನ್ನೇ ಕೇಳಿದಳು, “ಟೀಚರ್, ಇವ್ರೆಲ್ಲ ಎಂತ ಸಂಬಂಧ?”

“ಪೆಟ್ಟಿಗೆ ಸಂಬಂಧ,” ಎಂದರು ಪೂವಮ್ಮ.

ತೆಳ್ಳಗಿದ್ದ ನಲವತ್ತೈದರ ಆಸುಪಾಸಿನ ಗಂಡಸೊಬ್ಬ ಒಳಗೆ ಹೋಗಿ ಯಮುನಕ್ಕನ ಕಾಲ ಬಳಿ ಕೂತವನೇ ಬಿಕ್ಕಿಬಿಕ್ಕಿ ಅಳತೊಡಗಿದ. ಅವನೇ ಚೇತನ್‌ಕುಮಾರ್, ಮೈಸೂರಿನ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸ. ಯಮುನಕ್ಕನನ್ನು ಅವನು ಮುಖಾಮುಖಿ ನೋಡಿದ್ದು ಎರಡೇ ಸಲ, ಉಳಿದದ್ದೆಲ್ಲ ಫೋನಿನಲ್ಲಿ. ಸ್ವಂತ ತಮ್ಮಂದಿರೇ ಅಷ್ಟು ಅತ್ತಿರಲಿಲ್ಲ. ಸಾವಿನ ಮನೆಯಲ್ಲಿ ಎಷ್ಟು ಅಳಬೇಕೆಂಬುದಕ್ಕೂ ಒಂದು ಲೆಕ್ಕವಿರುತ್ತದೆ; ಗುರುತಿಲ್ಲದವನು ನೆಂಟರಿಗಿಂತ ಹೆಚ್ಚು ಅತ್ತರೆ ನೆಂಟರಿಗೆ ಅವಮಾನ.

ಅವನು ಹೊರಗೆ ಬರುವುದನ್ನೇ ದೇರಪ್ಪ ಕಾಯುತ್ತಿದ್ದ.

“ಬಲ್ಬಿಗೆ ಬಂದದ್ದಾ?”

“ಇಲ್ಲ ಸಾರ್. ಅಕ್ಕನ್ನ ನೋಡೋಕೆ.”

“ನಾಳೆ ಬರೋನು ಇವತ್ತೇ ಬಂದ್ಯಲ್ಲ. ಹೆಣ ಎತ್ತೋವರೆಗೂ ತಡ್ಕಳಕ್ಕೆ ಆಗ್ಲಿಲ್ವಾ?”

ಚೇತನ್‌ಕುಮಾರ್ ಕಣ್ಣೊರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದ. ಪೂವಮ್ಮ ಟೀಚರಿಗೆ ರೇಗಿತು.

“ದೇರಪ್ಪ, ಅವನಿಗೆ ಮಾತು ಬರಲ್ಲ, ನಾನು ಹೇಳ್ತೀನಿ. ಇವತ್ತು ಬಲ್ಬಿನ ಸುದ್ದಿ ಎತ್ತಬಾರದು ಅಂತ ವ್ಯಾನಲ್ಲಿ ಆಣೆ ಹಾಕಿಸಿಕೊಂಡವನು ಅವನೇ. ಎತ್ತಿದ್ದು ನೀನು, ಅದಕ್ಕೆ ಕೇಳು. ದೇಶದಲ್ಲಿ ಈ ಪೆಟ್ಟಿಗೆ ಇಟ್ಟುಕೊಂಡಿರೋರು ನಾವು ನಲವತ್ತು ಚಿಲ್ಲರೆ ಜನ. ಯಾರ ಹತ್ರನೂ ಇನ್ನೂ ಉರಿಸದ ಬಲ್ಬಿಲ್ಲ. ಈ ಮನೇಲಿ ಇರೋದೇ ಕೊನೇದು. ಒಂದನ್ನ ಉರಿಸಿ ಎಷ್ಟು ಬೆಳಕು, ಎಷ್ಟು ಹೊತ್ತು ಅಂತ ಇವನು ಅಳೀಬೇಕು. ಇನ್ನೊಂದನ್ನ ಬಿಚ್ಚಿ ನೋಡ್ಬೇಕು. ಅದನ್ನ ನೋಡಿ ಕ್ಯಾಮೆರಾ ಫ್ಲಾಶಲ್ಲಿ ಬೇರೆ ಮಾಡ್ತಾನೆ. ಮೋನಿಷಾ ಹೇಳಿದ ಹಾಗೆ ನೀನು ಅದನ್ನ ಕಾರ್ಡಿಗೆ ಉರಿಸಿಬಿಟ್ರೆ ನಮ್ಮೆಲ್ಲರ ಪೆಟ್ಟಿಗೆ ಅಟ್ಟಕ್ಕೆ.”

“ಅಟ್ಟಕ್ಕೆ ಹೋಗ್ಲಿ. ನಂಗೆ ನನ್ನ ಹೆಂಡತಿ ಕಾರ್ಡ್ ಬೇಕು.”

“ಅಕ್ಷರ ಯಾರು ಬರೀತಾರೆ?”

“ನಾನೇ. ನಲವತ್ತು ವರ್ಷ ಬರೆದ ಕೈ ಇದು.”

“ಹಾಗಾದ್ರೆ ಅದು ನಿನ್ನ ಕಾರ್ಡ್ ಆಯ್ತು, ಅವಳದ್ದು ಹೇಗಾಯ್ತು?”

ದೇರಪ್ಪನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಅಷ್ಟರಲ್ಲಿ ಹೊತ್ತಾಯಿತೆಂದು ಹಿರಿಯರು ಕರೆದರು. ಯಮುನಕ್ಕನ ಬಾಯಿಗೆ ನೀರು ಬಿಡುವವರ ಸಾಲಿನ ಕೊನೆಯಲ್ಲಿ ತಲೆಗೆ ಟವೆಲ್ಲು ಹಾಕಿಕೊಂಡು ಕೆಂಚಿ ನಿಂತಿದ್ದಳು. ಜಗಳವನ್ನೆಲ್ಲ ಅವಳು ಕೇಳಿಸಿಕೊಂಡಿದ್ದಳು.

*

ಬಲ್ಬು ಸಿಗುವುದು ಒಂದೇ ದಿನದಲ್ಲಿ ನಿಂತದ್ದಲ್ಲ. ಮೊದಲು ಮೈಸೂರಿನ ಅಂಗಡಿಯವನು ಮುಂದಿನ ತಿಂಗಳು ಬನ್ನಿ ಎಂದ. ಆಮೇಲೆ ಸ್ಟಾಕ್ ಇಲ್ಲ ಎಂದ. ಕೊನೆಗೆ, ಕಂಪನಿಯೇ ನಿಲ್ಲಿಸಿದೆ ಅಮ್ಮ, ಈಗೆಲ್ಲ ಕಂಪ್ಯೂಟರ್ರು ಎಂದ. ಯಮುನಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಮದುವೆಯಾಗಿ ಬಂದ ಮೋನಿಷಾ ಫೋನಿನಲ್ಲಿ ಹುಡುಕಿ, ಅದೇ ಪೆಟ್ಟಿಗೆ ಇಟ್ಟುಕೊಂಡು ಅದೇ ಸಂಕಟಪಡುತ್ತಿದ್ದವರನ್ನು ಪತ್ತೆ ಮಾಡಿದಳು. ಕೋಝಿಕ್ಕೋಡಿನ ಒಬ್ಬ ದರ್ಜಿ, ಪುಣೆಯ ಒಬ್ಬ ಡಾಕ್ಟರು, ಮೈಸೂರಿನ ಚೇತನ್‌ಕುಮಾರ್, ಪಕ್ಕದಲ್ಲೇ ಇದ್ದೂ ಗೊತ್ತಿಲ್ಲದ ಪೂವಮ್ಮ ಟೀಚರ್. ಹೀಗೆ ಪೆಟ್ಟಿಗೆ ಬಳಗವಾಯಿತು. ಬಣ್ಣ ಒಣಗದ ಹಾಗೆ ಏನು ಮಾಡುವುದು, ಮುರಿದ ಕೀಲಿಗೆ ಏನು ಹಾಕುವುದು ಎಂದು ದಿನವಿಡೀ ಮಾತು. ಹಳೆಯ ಪರದೆಯಲ್ಲಿ ಬೇಡದ ಕಡೆ ಹಿಂಬದಿಯಿಂದ ಟೇಪು ಹಚ್ಚಿ, ಬೇಕಾದಷ್ಟನ್ನೇ ಮತ್ತೆ ಅಚ್ಚು ಹಾಕುವ ಉಪಾಯವನ್ನು ಬಳಗಕ್ಕೆ ಕಲಿಸಿದವಳು ಯಮುನಕ್ಕನೇ. ಬಲ್ಬು ಮುಗಿದ ಮೇಲೂ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಉಸಿರಾಡಿದ್ದು ಅದರಿಂದ.

ಒಂದು ಸಲ ಎಲ್ಲರೂ ಸೇರಿ, ಬಲ್ಬು ಮತ್ತೆ ಮಾಡಿ ಎಂದು ಕಂಪನಿಗೆ ಬರೆಯುವುದೆಂದು ತೀರ್ಮಾನ ಮಾಡಿದರು. ಸುಮ್ಮನೆ ಬರೆಯುವುದಲ್ಲ, ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯಲ್ಲೇ ಕಾರ್ಡು ಅಚ್ಚು ಹಾಕಿ ಕಳಿಸುವುದು. ಯಮುನಕ್ಕ ಉಳಿದಿದ್ದ ಹಳೆಯ ಕೊನೆಯ ಜೋಡಿಯನ್ನು ಇದಕ್ಕೇ ಉರಿಸುವುದೆಂದು, ಕಾಫಿ ಹೂವಿನ ಎಳೆಯ ನಡುವೆ ಬರೆದಳು: ‘ಬಲ್ಬು ಮಾಡಿ. ನಾವಿನ್ನೂ ಇದ್ದೇವೆ.’ ಅದರ ಕೆಳಗೆ ಪೂವಮ್ಮ ಟೀಚರ್ ಇಂಗ್ಲಿಷಿನಲ್ಲಿ ಬರೆದುಕೊಟ್ಟರು.

ಕಾರ್ಡು ಒಣಗಿದ ಮೇಲೆ ಅದನ್ನು ಗಂಡನ ಮುಂದೆ ಹಿಡಿದಳು. “ನಿಮ್ಮ ಅಕ್ಷರ ಚೆಂದ ಉಂಟು. ಅಡ್ರೆಸ್ ಬರ್ಕೊಡಿ. ಕೆಳಗೆ ನೀವೂ ಒಂದು ಸೈನ್ ಹಾಕಿ, ಜನ ಜಾಸ್ತಿ ಇದ್ದಾರೆ ಅಂತ ಆಗ್ತದೆ.”

“ಪಾಲಿಬೆಟ್ಟದ ರೈಟರ ಸೈನಿಗೆ ಜಪಾನಿನವನು ಕಾಯ್ತಾ ಕೂತಿದ್ದಾನಾ?” ದೇರಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. “ನಂಗೆ ಬೇ‍ರೆ ಕೆಲ್ಸ ಇಲ್ವಾ?”

ಕೆಲಸ ಇರಲಿಲ್ಲ. ರಿಟೈರಾಗಿ ಆರು ತಿಂಗಳಾಗಿತ್ತು.

ಅವಳು ತಾನೇ ತಡವರಿಸಿಕೊಂಡು ಇಂಗ್ಲಿಷಿನಲ್ಲಿ ಅಡ್ರೆಸ್ ಬರೆದಳು. ಮಳೆಗಾಲ ಕಳೆದ ಮೇಲೆ ಒಂದು ಸಣ್ಣ ಪಾರ್ಸೆಲ್ಲು ಬಂತು. ಬಲ್ಬು ಮಾಡುವ ಯಂತ್ರಗಳನ್ನೇ ತೆಗೆದುಹಾಕಿದ್ದೇವೆ, ಕ್ಷಮಿಸಬೇಕು, ನಿಮ್ಮ ಹೂವಿನ ಚಿತ್ರ ನಮ್ಮ ಆಫೀಸಿನ ಗೋಡೆಯ ಮೇಲಿದೆ, ಒಂದು ಡ್ರಾಯರಿನಲ್ಲಿ ಈ ಜೋಡಿ ಸಿಕ್ಕಿತು ಎಂದು ಬರೆದಿತ್ತು. ಯಮುನಕ್ಕ ಆ ಎರಡು ಬಲ್ಬುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ಅಂಗಳಕ್ಕೆ ಓಡಿ ಬಂದಿದ್ದಳು. ದೇರಪ್ಪ “ಹೂಂ” ಎಂದಿದ್ದ.

ಎರಡು ವರ್ಷ ಅವಳಿಗೆ ಅದನ್ನು ಉರಿಸಲೂ ಮನಸ್ಸಾಗಲಿಲ್ಲ, ಕೊಡಲೂ ಮನಸ್ಸಾಗಲಿಲ್ಲ. ಹೋದ ವಾರ ಚೇತನ್‌ಕುಮಾರನಿಗೆ ತಾನಾಗಿಯೇ ಹೇಳಿ ಕಳಿಸಿದಳು: “ಇಟ್ಟು ಪೂಜೆ ಮಾಡೋಕೆ ಇದೇನು ಸಾಲಿಗ್ರಾಮನಾ? ಬಂದು ತಗೊಂಡೋಗು.”

*

ಮನೆಯ ಹಿಂದಿನ ತೋಟದ ಮೂಲೆಯಲ್ಲಿ ಕೊಳ್ಳಿ ಇಟ್ಟು, ಎಲ್ಲರೂ ಸ್ನಾನ ಮಾಡಿ ಬರುವಾಗ ಮೂರು ಗಂಟೆ. ಜಗಲಿಯಲ್ಲಿ ಗಂಜಿ ಬಡಿಸುತ್ತಿದ್ದರು. ದೇರಪ್ಪ ಒಳಕೋಣೆಯಲ್ಲಿ ಮೇಜಿನ ಮುಂದೆ ಕೂತು, ಹೆಂಡತಿಯ ಮಸಿ ಪೆನ್ನು ಹಿಡಿದು ಬರೆಯತೊಡಗಿದ.

ಒಂದು ಹಾಳೆ ಬರೆದ. ಹರಿದ. ಇನ್ನೊಂದು ಬರೆದ. ಅಕ್ಷರ ಚೆನ್ನಾಗಿಯೇ ಇತ್ತು. ನೆಟ್ಟಗೆ, ಒಂದೇ ಎತ್ತರ, ಗೆರೆ ಬಿಟ್ಟು ಆಚೀಚೆ ಹೋಗದೆ. ಅವಳ ಹೆಸರು ಹಾಜರಿ ಪುಸ್ತಕದಲ್ಲಿ ಬರೆದ ಹೆಸರಿನ ಹಾಗೆ ಕಾಣುತ್ತಿತ್ತು. ನಾಲ್ಕನೆಯ ಹಾಳೆಗೆ ಬರುವಷ್ಟರಲ್ಲಿ ಅವನಿಗೆ ಅಳು ಬಂತು. ಬೆಳಗ್ಗಿನಿಂದ ಬಾರದ್ದು ಈಗ ಬಂತು. ಒಂದು ಸೈನ್ ಕೇಳಿದ್ದಳು, ಪಾಪಿ ನಾನು, ಅದನ್ನೂ ಹಾಕಲಿಲ್ಲ ಎಂದು ಮೇಜಿಗೆ ಹಣೆ ಹಚ್ಚಿ ಅತ್ತ.

“ಅಯ್ಯ,” ಎಂದಿತು ಹಿತ್ತಿಲ ಬಾಗಿಲಲ್ಲಿ ಒಂದು ದನಿ.

ಕೆಂಚಿ ಲೈನಿಗೆ ಹೋಗಿ ಬಂದಿದ್ದಳು. ಸೆರಗಿನೊಳಗಿಂದ ರಟ್ಟಿನ ಚೌಕಟ್ಟೊಂದನ್ನು ತೆಗೆದು ಹೊಸ್ತಿಲ ಮೇಲಿಟ್ಟಳು. ಹೊಗೆ ಹಿಡಿದು ರಟ್ಟು ಕಂದಾಗಿತ್ತು. ಪರದೆ ಹರಿದಿರಲಿಲ್ಲ.

“ಇದ್ರಲ್ಲಿ ಎಲ್ಲ ಅಮ್ಮನ ಕೈದೇ ಉಂಟಲ್ಲ. ಹೂವೂ ಉಂಟು. ಇದ್ರಲ್ಲೇ ಮಾಡಿ.”

ದೇರಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಲಕ್ಕೆ ಬಾಗಿದ ಅಕ್ಷರ, ಉದ್ದ ಎಳೆದ ಕೊಂಬು. ‘ಬೀರ ಅವರು ಕಾಲವಾದರು ಎಂದು ದುಃಖದಿಂದ ತಿಳಿಸುತ್ತೇವೆ. ಹನ್ನೊಂದನೇ ದಿನದ ಕಾರ್ಯಕ್ಕೆ ತಾವೆಲ್ಲ ಬರಬೇಕು.’ ಕೆಳಗೆ ತಾರೀಕು. ಹೆಸರು ಮತ್ತು ತಾರೀಕು ಬಿಟ್ಟರೆ ಒಂದಕ್ಷರವನ್ನೂ ತಿದ್ದಬೇಕಾಗಿರಲಿಲ್ಲ.

“ಇದ್ರಲ್ಲಿ ಮಾಡಿದ್ರೆ ಅವನ ಹೆಸರಿಗೆ ಟೇಪ್ ಹಾಕ್ಬೇಕಾಗ್ತದೆ ಕೆಂಚಿ.”

“ಹಾಕಿ.” ಹೊರಡಲು ತಿರುಗಿದವಳು ನಿಂತಳು. “ಆಮೇಲೆ ತೆಗ್ದು ಕೊಡಿ.”

ದೇರಪ್ಪ ಎದ್ದು ಜಗಲಿಗೆ ಹೋದ. ಗಂಜಿಯ ಮುಂದೆ ಕೂತಿದ್ದ ಚೇತನ್‌ಕುಮಾರ್ ಗಾಬರಿಯಾಗಿ ಎದ್ದು ನಿಂತ. ದೇರಪ್ಪ ಅಂಗಿಯ ಜೇಬಿನಿಂದ ಹತ್ತಿಯ ಸುರುಳಿ ತೆಗೆದು ಅವನ ಎಂಜಲು ಕೈಯನ್ನೂ ನೋಡದೆ ಕೈಗೆ ಹಾಕಿದ.

“ಸ್ನಾನಕ್ಕೆ ಹೋಗುವಾಗ್ಲೂ ಬಟ್ಟೆ ಜೊತೆ ಜೋಪಾನವಾಗಿಟ್ಟಿದ್ದೆ. ಒಡೆದಿಲ್ಲ, ನೋಡ್ಕೋ. ಬೆಳಗ್ಗೆ ನಾನು ಮನುಷ್ಯರು ಆಡೋ ಮಾತು ಆಡ್ಲಿಲ್ಲ. ತಪ್ಪಾಯ್ತು.”

“ಸಾರ್, ಕಾರ್ಡು?”

“ಕಾರ್ಡು ಸಿಕ್ತು. ಅದನ್ನ ಅಚ್ಚು ಹಾಕೋಕೆ ನಂಗೆ ಬರೋದಿಲ್ಲ. ಬನ್ನಿ.”

ಆಮೇಲೆ ನಡೆದದ್ದು ಸಾವಿನ ಮನೆಯ ಕೆಲಸವೋ ಮದುವೆ ಮನೆಯ ಕೆಲಸವೋ ಎಂದು ಹೇಳುವುದು ಕಷ್ಟ. ಮೋನಿಷಾ ಪೆಟ್ಟಿಗೆ ಇಳಿಸಿದಳು. ಪೂವಮ್ಮ ಟೀಚರ್ ಕನ್ನಡಕ ಏರಿಸಿಕೊಂಡು ಬೀರನ ಹೆಸರಿಗೆ, ತಾರೀಕಿಗೆ ಹಿಂಬದಿಯಿಂದ ಟೇಪು ಹಚ್ಚಿದರು. ಚೇತನ್‌ಕುಮಾರ್ ಬಣ್ಣ ಹಿಂಡಿ, ಬಲ್ಬಿಲ್ಲದೆಯೇ ಮುಚ್ಚಳ ಅದುಮಿದ. ಮೊದಲ ಕಾರ್ಡು ಮೇಲೆದ್ದಿತು. ಹೂವಿನ ಎಳೆ, ಖಾಲಿ ಜಾಗ, ಆಮೇಲೆ ‘ಅವರು ಕಾಲವಾದರು’. ಖಾಲಿ ಜಾಗದಲ್ಲಿ ಹೆಸರು, ತಾರೀಕು ಬರೆಯಲು ದೇರಪ್ಪ ಪೆನ್ನು ಹಿಡಿದು ಕೂತ. ಬರೆದದ್ದನ್ನು ವ್ಯಾನಿನಲ್ಲಿ ಬಂದವರು ಒಬ್ಬರ ಕೈಯಿಂದ ಒಬ್ಬರು ಈಸಿಕೊಂಡು, ಅಂಗಳದಲ್ಲಿ ಕಾಫಿ ಒಣಗಿಸುತ್ತಿದ್ದ ಜಾಗದಲ್ಲಿ ಬಿಸಿಲಿಗೆ ಹರಡಿದರು. ಬೆಳಗ್ಗೆ ಯಾರ ಕಡೆಯವರೆಂದು ಕೇಳಿದ್ದ ಹೆಂಗಸರೇ ಗಾಳಿಗೆ ಹಾರದ ಹಾಗೆ ಕಾರ್ಡುಗಳ ಮೂಲೆಗೆ ಒಂದೊಂದು ಕಾಫಿ ಹಣ್ಣು ಇಟ್ಟರು.

ಮೂವತ್ತೋ ನಲವತ್ತೋ ಆಗಿರಬೇಕು. ಉದಯ ಒಂದು ಕಾರ್ಡು ಎತ್ತಿಕೊಂಡು ಒಳಗೆ ಬಂದ.

“ಅಪ್ಪ, ನಿಲ್ಸಿ. ಟೇಪು ಬಿಡ್ತಾ ಉಂಟು.”

ಟೇಪಿನ ಅಂಚಿನಿಂದ ಬಣ್ಣ ಇಳಿದು, ದೇರಪ್ಪ ಬರೆದ ಹೆಸರಿನ ಅಡಿಯಲ್ಲಿ ಮಸುಕಾಗಿ ಎರಡು ಅಕ್ಷರ ಮೂಡಿದ್ದವು. ಬೀರ.

“ಬೇರೆ ಟೇಪು ಹಚ್ತೀನಿ,” ಎಂದರು ಪೂವಮ್ಮ. ಎಳೆದು ನೋಡಿದರು, ಪರದೆಯೇ ಟೇಪಿನ ಜೊತೆ ಬರುವ ಹಾಗಿತ್ತು. ಕೈ ಬಿಟ್ಟರು. “ಎಳೆದ್ರೆ ಹರೀತದೆ.”

“ಇದನ್ನ ಹೇಗೆ ಹಂಚೋದು?” ಉದಯ ದನಿ ತಗ್ಗಿಸಿದ. “ಅಮ್ಮನ ಹೆಸರಿನ ಅಡಿಲಿ ಲೈನಿನ ಬೀರನ ಹೆಸರು. ನಾಳೆ ನೆಂಟರು ಎಂತ ಹೇಳ್ತಾರೆ?”

ಭಾಗಮಂಡಲದ ಭಾವ ಆಗಲೇ ಒಂದು ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ. ರಸ್ತೆಯಲ್ಲಿ ಬಸ್ಸಿಗೆ ಇನ್ನು ಅರ್ಧ ಗಂಟೆ. ಎಲ್ಲರೂ ದೇರಪ್ಪನ ಮುಖ ನೋಡಿದರು. ಅವನಿಗೂ ಒಂದು ಕ್ಷಣ ಮುಜುಗರವಾಯಿತು. ಜಾತಿ, ಕುಲ, ಊರವರ ಬಾಯಿ ಎಲ್ಲ ಅವನಿಗೂ ಇದ್ದದ್ದೇ. ಕಾರ್ಡನ್ನು ಕೈಗೆ ತೆಗೆದುಕೊಂಡು ಆ ಮಸುಕು ಅಕ್ಷರಗಳನ್ನು ನೋಡಿದ. ಬಾಗಿದ ಅಕ್ಷರ. ತನ್ನ ನೆಟ್ಟನೆಯ ಅಕ್ಷರಕ್ಕಿಂತ ಅದೇ ಚೆಂದವಿತ್ತು.

“ಹಂಚು,” ಎಂದ. “ಅವಳು ಬರೆದದ್ದು ಅದು. ಅಳಿಸೋಕೆ ನಾನ್ಯಾರು, ನೀನ್ಯಾರು? ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಕಳಿಸು.”

ಉದಯ ಕಾರ್ಡುಗಳನ್ನು ಹಿಡಿದು ಭಾವನ ಕಡೆಗೆ ನಡೆದ.

ದೇರಪ್ಪ ಕೈ ನೆಟ್ಟಗೆ ಮಾಡಿಕೊಳ್ಳಲು ಅಂಗಳಕ್ಕೆ ಇಳಿದ. ಹರಡಿದ ಕಾರ್ಡುಗಳ ಅಂಚಿನಲ್ಲಿ ಕೆಂಚಿ ಕುಕ್ಕರಗಾಲಿನಲ್ಲಿ ಕೂತು ಒಂದನ್ನು ಬಗ್ಗಿ ನೋಡುತ್ತಿದ್ದಳು. ಅವನನ್ನು ಕಂಡು ಏಳಲು ಹೋದಳು.

“ಕೂತ್ಕೋ.”

“ಅವರ ಹೆಸ್ರು ಬಂದುಬಿಟ್ಟಿದೆ ಅಯ್ಯ.” ಅವಳು ಬೆರಳು ತಾಗಿಸದೆ ತೋರಿಸಿದಳು. “ನಂಗೆ ಓದೋಕೆ ಬರಲ್ಲ. ಇದೊಂದು ಮಾತ್ರ ಕಂಡ್ರೆ ಗೊತ್ತಾಗ್ತದೆ, ದಿನಾ ನೋಡಿ ನೋಡಿ. ಇದ್ರ ಮೇಲಿರೋದು ಅಮ್ಮನ ಹೆಸ್ರಾ?”

“ಹೌದು.”

“ಎಲ್ಲಿಂದ ಶುರು?”

ದೇರಪ್ಪ ಅವಳ ಪಕ್ಕದಲ್ಲಿ ಮಂಡಿ ಮಡಚಿ ಕೂತ. ಮೂವತ್ತೆಂಟು ವರ್ಷ ಹೆಂಡತಿಯನ್ನು ಅವನು ‘ಇವಳೇ’ ಎಂದು ಕರೆದಿದ್ದ, ‘ಕೇಳಿತಾ’ ಎಂದು ಕರೆದಿದ್ದ, ಮಗ ಹುಟ್ಟಿದ ಮೇಲೆ ‘ಉದಯನ ಅಮ್ಮ’ ಎಂದಿದ್ದ. ಪೆನ್ನಿನ ತುದಿಯನ್ನು ಮೊದಲ ಅಕ್ಷರದ ಕೆಳಗೆ ಇಟ್ಟ.

“ಯ,” ಎಂದ. “ಮು. ನ.”

ಕೆಂಚಿ ತುಟಿ ಅಲುಗಿಸಿ ಒಳಗೊಳಗೇ ಹೇಳಿಕೊಂಡಳು. ಆಮೇಲೆ ಪಕ್ಕದ ಕಾರ್ಡಿಗೆ ಸರಿದು ಅದರಲ್ಲೂ ಹುಡುಕಿದಳು, ಅದರಾಚೆಯದರಲ್ಲೂ.

“ಇನ್ನೊಂದ್ಸಲ ಹೇಳಿ ಅಯ್ಯ.”

ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ನೆಂಟರು ಕಾರ್ಡು ಹಿಡಿದುಕೊಂಡು ಗೇಟಿನ ಕಡೆ ಓಡಿದರು. ದೇರಪ್ಪ ಎದ್ದು ಅವರನ್ನು ಕಳಿಸಿಕೊಡಲು ಹೋಗಲಿಲ್ಲ. ಪೆನ್ನಿನ ತುದಿಯನ್ನು ಮತ್ತೆ ಮೊದಲ ಅಕ್ಷರದ ಕೆಳಗೆ ತಂದು, ಈ ಸಲ ಸ್ವಲ್ಪ ಜೋರಾಗಿ, ಹೆಂಡತಿಯ ಹೆಸರು ಹೇಳಿದ.